ಗಾಯ ಮಾಯುತ್ತಿಲ್ಲವೇ? ಲಕ್ಷಣದಿಂದ ಕಾರಣ ಹುಡುಕುವ ಕೈಪಿಡಿ

ಗಾಯ ಮಾಯದೆ ಉಳಿದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಕೇಳುವುದು "ಏನು ಹಚ್ಚಬೇಕು?" ಎಂದು. ಅದಕ್ಕಿಂತ ಮೊದಲು "ಇದನ್ನು ಮಾಯಲು ಬಿಡದೆ ತಡೆಯುತ್ತಿರುವುದು ಏನು?" ಎಂದು ಕೇಳಿಕೊಂಡರೆ ಅರ್ಧ ದಾರಿ ಸಾಗಿದಂತೆ. ಸೀಳಿದ ಚರ್ಮವನ್ನು ಕೂಡಿಸುವ ಕೆಲಸ ದೇಹದ್ದು. ಮುಲಾಮು, ಪಟ್ಟಿ, ಮಾತ್ರೆಗಳೆಲ್ಲ ಆ ಕೆಲಸಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಸಾಧನಗಳು ಮಾತ್ರ. ಈ ಬರಹ ಮನೆಯಲ್ಲೇ ಕಣ್ಣಿಗೆ ಬೀಳುವ ಲಕ್ಷಣಗಳನ್ನು ಹಿಡಿದು, ಖರ್ಚಿಲ್ಲದ ತಪಾಸಣೆಗಳಿಂದ ತೊಡಗಿ ವೈದ್ಯರೇ ಮಾಡಬೇಕಾದ ಪರೀಕ್ಷೆಗಳವರೆಗೆ ಸಾಗುತ್ತದೆ.

ಇವು ಕಂಡರೆ ಮುಂದೆ ಓದದೆ ಆಸ್ಪತ್ರೆಗೆ ಹೊರಡಿ

ಒತ್ತಿ ಹಿಡಿದರೂ ನಿಲ್ಲದೆ ಚಿಮ್ಮುವ ರಕ್ತ; ಬೆರಳು ಮಡಚಲು ಬಾರದಿರುವುದು ಅಥವಾ ಗಾಯದಿಂದಾಚೆಗೆ ಜೋಮು ಹಿಡಿದಿರುವುದು, ಅಂದರೆ ಸ್ನಾಯುರಜ್ಜು ಇಲ್ಲವೇ ನರ ತುಂಡಾಗಿರುವ ಸಾಧ್ಯತೆ; ಚಳಿಜ್ವರ, ಏದುಸಿರು, ಮಾತಿನಲ್ಲಿ ಗೊಂದಲ; ಗಾಯ ಚಿಕ್ಕದಿದ್ದರೂ ತಡೆಯಲಾರದ ನೋವು, ಜೊತೆಗೆ ಸುತ್ತಲಿನ ಚರ್ಮ ನೇರಳೆಗೆ ತಿರುಗಿ ಗುಳ್ಳೆ ಏಳುವುದು. ಕೊನೆಯದು ಚರ್ಮದಡಿಯ ಪದರಗಳನ್ನು ಗಂಟೆಗಳ ಲೆಕ್ಕದಲ್ಲಿ ಕೊಳೆಸುತ್ತ ಹೋಗುವ ಸೋಂಕಾಗಿರಬಹುದು. ಬೆಳಿಗ್ಗೆ ನೋಡೋಣ ಎಂದು ಕಾಯುವಂತಿಲ್ಲ. ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ನಾಯಿ, ಬೆಕ್ಕು, ಕೋತಿ ಕಚ್ಚಿದ ಅಥವಾ ಪರಚಿದ ಗಾಯವನ್ನು ಅದು ಎಷ್ಟೇ ಸಣ್ಣದಾಗಿರಲಿ 15 ನಿಮಿಷ ಹರಿಯುವ ನೀರು ಮತ್ತು ಸೋಪಿನಿಂದ ತೊಳೆದು, ಅದೇ ದಿನ ರೇಬೀಸ್ ಲಸಿಕೆ ಆರಂಭಿಸಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ತಡೆಯುವ ಸಿದ್ಧ ಪ್ರತಿಕಾಯ) ಚುಚ್ಚುಮದ್ದೂ ಬೇಕಾಗುತ್ತದೆ. ಖಾರದ ಪುಡಿ, ಸುಣ್ಣ ಹಚ್ಚುವುದು ಇಲ್ಲಿ ಜೀವಕ್ಕೇ ಅಪಾಯ, ಏಕೆಂದರೆ ಅವು ತೊಳೆಯುವ ಕೆಲಸವನ್ನು ತಪ್ಪಿಸುತ್ತವೆ. ಮಣ್ಣು, ಸಗಣಿ, ತುಕ್ಕು ಸೋಕಿದ ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಐದು ವರ್ಷ ಮೀರಿದ್ದರೆ, ಶುಚಿಯಾದ ಸಣ್ಣ ಗಾಯಕ್ಕೆ ಹತ್ತು ವರ್ಷ ಮೀರಿದ್ದರೆ, ಮತ್ತೊಮ್ಮೆ ಹಾಕಿಸಿಕೊಳ್ಳಬೇಕು. ಜನ ಇಂದಿಗೂ ಟಿಟಿ ಎಂದೇ ಕರೆಯುವ ಈ ಚುಚ್ಚುಮದ್ದಿನ ಜಾಗದಲ್ಲಿ ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವುದು ಗಂಟಲಮಾರಿಯನ್ನೂ ತಡೆಯುವ ಟಿಡಿ ಲಸಿಕೆ.

ಸರಿಯಾಗಿ ಮಾಯುವ ಗಾಯದ ನಡೆ

ಹೇಗಿದ್ದರೆ ಸರಿ ಎಂಬುದು ತಿಳಿದಿದ್ದರೆ ಮಾತ್ರ ಎಲ್ಲಿ ತಪ್ಪಿದೆ ಎಂಬುದು ಗೊತ್ತಾಗುತ್ತದೆ. ಈಳಿಗೆಮಣೆಗೆ ಬೆರಳು ತಗುಲಿ ಚರ್ಮ ಸೀಳಿದ ಕ್ಷಣದಲ್ಲೇ ತುಂಡಾದ ಕಿರುರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿ ಬಾಯಿ ಮುಚ್ಚುತ್ತವೆ, ಅವುಗಳ ಮೇಲೆ ಫೈಬ್ರಿನ್ ಎಂಬ ನಾರು ಬಲೆ ಹೆಣೆಯುತ್ತದೆ. ಮುಂದಿನ ಎರಡು ಮೂರು ದಿನ ಬಿಳಿ ರಕ್ತಕಣಗಳ ಸರದಿ. ಅವು ಕೊಳೆಯನ್ನೂ ಸತ್ತ ಜೀವಕೋಶಗಳನ್ನೂ ಬ್ಯಾಕ್ಟೀರಿಯಾಗಳನ್ನೂ ನುಂಗಿ ಜಾಗ ತೆರವು ಮಾಡುತ್ತವೆ. ಆ ದಿನಗಳ ಬಿಸಿ, ಊತ, ನೋವು ಈ ಕೆಲಸದ ಫಲ. ಮೂರನೆಯ ದಿನದ ಸುಮಾರಿಗೆ ತಳದಿಂದ ಹೊಸ ಮಾಂಸ ಮೇಲೇಳತೊಡಗುತ್ತದೆ, ಅಂಚಿನಿಂದ ಹೊಸ ಚರ್ಮ ಒಳಕ್ಕೆ ತೆವಳುತ್ತದೆ, ಗಾಯವೂ ತನ್ನ ಬಾಯಿಯನ್ನು ತಾನೇ ಎಳೆದುಕೊಂಡು ಕಿರಿದಾಗುತ್ತದೆ. ಮೇಲ್ಮೈ ಮಾತ್ರ ಕಿತ್ತ ತರಚುಗಾಯ ಬೇಗ ಮಾಯುವುದಕ್ಕೆ ಕಾರಣ, ಅಲ್ಲಿ ಕೂದಲ ಬುಡಗಳು ಉಳಿದಿದ್ದು ನಡುನಡುವೆಯೂ ಹೊಸ ಚರ್ಮ ಹುಟ್ಟುತ್ತದೆ. ಆಳದ ಗಾಯಕ್ಕೆ ಅಂಚೊಂದೇ ಗತಿ.

ಗಾಯ ಮುಚ್ಚಿದ ಮೇಲೂ ಒಳಗೆ ಚರ್ಮಕ್ಕೆ ಬಲ ಕೊಡುವ ಕೊಲಾಜನ್ ನಾರುಗಳ ಮರುಜೋಡಣೆ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಮೂರು ವಾರಕ್ಕೆ ಆ ಜಾಗದ ಬಲ ಮೊದಲಿನ ಕಾಲು ಭಾಗದ ಆಸುಪಾಸಿನಲ್ಲಿರುತ್ತದೆ. ತಿಂಗಳುಗಳು ಕಳೆದರೂ ಶೇಕಡ 80ರಷ್ಟನ್ನು ಮುಟ್ಟಿ ನಿಲ್ಲುತ್ತದೆ. ಹೊಲಿಗೆ ಬಿಚ್ಚಿದ ಮಾರನೆಯ ದಿನವೇ ಅಕ್ಕಿ ಮೂಟೆ ಎತ್ತಬೇಡಿ ಎನ್ನುವುದಕ್ಕೆ ಇದೇ ಆಧಾರ.

ಆದ್ದರಿಂದ ಒಂದು ದಿನದ ನೋಟಕ್ಕಿಂತ ದಿಕ್ಕು ಮುಖ್ಯ. ನಿನ್ನೆಗಿಂತ ಇಂದು ನೋವು, ಊತ, ಒಸರು ಕಡಿಮೆಯಾಗಿದ್ದರೆ ಗಾಯ ಎಷ್ಟೇ ಅಂದಗೆಟ್ಟಂತೆ ಕಂಡರೂ ದಾರಿಯಲ್ಲಿದೆ. ಎರಡು ದಿನ ಇಳಿದು ಮೂರನೆಯ ದಿನ ಮತ್ತೆ ಏರಿದರೆ ಅನುಮಾನಿಸಬೇಕು.

ರಕ್ತ ನಿಲ್ಲುತ್ತಿಲ್ಲ

ಬಹುಪಾಲು ಸಂದರ್ಭಗಳಲ್ಲಿ ರಕ್ತ ನಿಲ್ಲದಿರಲು ಕಾರಣ ನಾವು ಮತ್ತೆ ಮತ್ತೆ ಬಟ್ಟೆ ಎತ್ತಿ ನೋಡುವುದು. ಹಾಗೆ ಎತ್ತಿದಾಗಲೆಲ್ಲ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತು ಬರುತ್ತದೆ. ಶುಚಿಯಾದ ಬಟ್ಟೆಯನ್ನು ಗಾಯದ ಮೇಲಿಟ್ಟು, ಗಡಿಯಾರ ನೋಡಿಕೊಂಡು ಪೂರ್ತಿ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಡಬೇಕು. ಕೈಕಾಲಿನ ಗಾಯವಾದರೆ ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿ ಹಿಡಿಯುವುದರಿಂದ ಸಹಾಯವಾಗುತ್ತದೆ.

ಮಲೆನಾಡಿನ ತೋಟಗಳಲ್ಲಿ ಇಂಬಳ ಕಚ್ಚಿದ ಜಾಗದಿಂದ ಗಂಟೆಗಟ್ಟಲೆ ರಕ್ತ ಜಿನುಗುವುದು ಬೇರೆ ಕಥೆ. ಅದರ ಜೊಲ್ಲಿನಲ್ಲಿರುವ ವಸ್ತುವೊಂದು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ತೊಳೆದು ಒತ್ತಿ ಕಟ್ಟಿದರೆ ಸಾಕು, ಗಾಬರಿ ಬೇಡ. ಆದರೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂತಹ ರಕ್ತ ತಿಳಿಯಾಗಿಸುವ ಮಾತ್ರೆ ನುಂಗುವವರಲ್ಲಿ ಸಣ್ಣ ಕೊಯ್ತವೂ ಹಟ ಹಿಡಿಯುತ್ತದೆ. ಅಂತಹವರು ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಕಾಫಿಪುಡಿ ಮೆತ್ತುವುದು ನಮ್ಮಲ್ಲಿ ಹಳೆಯ ರೂಢಿ. ರಕ್ತ ನಿಂತಂತೆ ಕಾಣುವುದೇನೋ ನಿಜ. ಆದರೆ ಒಳಗೆ ಸಿಕ್ಕ ಕಣಗಳನ್ನು ಆಸ್ಪತ್ರೆಯಲ್ಲಿ ಉಜ್ಜಿ ತೆಗೆಯುವಾಗ ಪಡುವ ನೋವು ಮೊದಲಿನ ನೋವಿಗಿಂತ ಹೆಚ್ಚು, ಉಳಿದವು ಚರ್ಮದಡಿ ಕಪ್ಪು ಚುಕ್ಕೆಗಳಾಗಿಯೂ ನಿಲ್ಲಬಹುದು.

ಸುತ್ತಲೂ ಬಿಸಿ, ಊತ, ಬಣ್ಣ ಬದಲಾವಣೆ

ಮೊದಲ ಎರಡು ದಿನ ಗಾಯದ ಅಂಚಿಗೆ ಅಂಟಿಕೊಂಡ ಕಿರಿದಾದ ಪಟ್ಟಿಯಷ್ಟು ಬಿಸಿ ಮತ್ತು ಊತ ಇರುವುದು ಸಹಜ. ಅದು ಹರಡುತ್ತಿದೆಯೇ ಎಂಬುದನ್ನು ತಿಳಿಯಲು ಮನೆಯಲ್ಲಿರುವ ಬಾಲ್‌ಪೆನ್ ಸಾಕು. ಊತ ಮುಗಿಯುವ ಗಡಿಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ; ಆರೆಂಟು ಗಂಟೆಗಳ ನಂತರ ಊತ ಗೆರೆ ದಾಟಿದ್ದರೆ ಸೋಂಕು ಹರಡುತ್ತಿದೆ ಎಂದೇ ತಿಳಿದು ಅದೇ ದಿನ ವೈದ್ಯರನ್ನು ಕಾಣಬೇಕು. ಗಾಯದಿಂದ ತೋಳಿನ ಅಥವಾ ಕಾಲಿನ ಮೇಲ್ಭಾಗಕ್ಕೆ ದಾರದಂತಹ ಕೆಂಪು ಗೆರೆ ಓಡಿ, ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಎದ್ದರೆ ಸೋಂಕು ದುಗ್ಧನಾಳಗಳನ್ನು (ಲಿಂಫ್ ನಾಳಗಳನ್ನು) ಹೊಕ್ಕಿದೆ.

ವೈದ್ಯಕೀಯ ಪುಸ್ತಕಗಳು ಕೆಂಪನ್ನು ಮೊದಲ ಗುರುತಾಗಿ ಹೇಳುತ್ತವೆ. ಆದರೆ ನಮ್ಮ ಕಂದು, ಕಪ್ಪು ಮೈಬಣ್ಣದಲ್ಲಿ ಅದು ಕೆಂಪಾಗಿ ಕಾಣದೆ ಸುತ್ತಲಿಗಿಂತ ಗಾಢವಾಗಿಯೋ ಊದಾ ಛಾಯೆಯಾಗಿಯೋ ಕಾಣಬಹುದು. ಅದಕ್ಕಾಗಿ ಬಣ್ಣಕ್ಕಿಂತ ಸ್ಪರ್ಶವನ್ನು ನಂಬುವುದು ಲೇಸು: ಕೈಯ ಹಿಂಬದಿಯನ್ನು ಗಾಯದ ಪಕ್ಕಕ್ಕೂ, ಮತ್ತೊಂದು ಕೈ ಅಥವಾ ಕಾಲಿನ ಅದೇ ಜಾಗಕ್ಕೂ ಇಟ್ಟು ಬಿಸಿಯನ್ನು ಹೋಲಿಸಿ ನೋಡಬೇಕು.

ಗಾಯ ಒಸರುತ್ತಿದೆ

ಪಟ್ಟಿ ಬಿಚ್ಚಿದಾಗ ತಿಳಿಹಳದಿ ನೀರು ಕಂಡ ಕೂಡಲೇ ಕೀವು ಎಂದು ಹೆದರುವವರು ಬಹಳ. ತೆಳ್ಳಗೆ, ಪಾರದರ್ಶಕವಾಗಿ, ವಾಸನೆಯಿಲ್ಲದೆ ಇರುವುದು ರಸಿಕೆ; ಚರ್ಮ ಬೆಳೆಯಲು ಬೇಕಾದ ಪೋಷಕಗಳು ಅದರಲ್ಲಿರುತ್ತವೆ. ಗಟ್ಟಿಯಾಗಿ, ಮಬ್ಬಾಗಿ, ಬಿಳಿ ಅಥವಾ ಹಸಿರು ಬೆರೆತ ಹಳದಿ ಬಣ್ಣಕ್ಕಿದ್ದು ವಾಸನೆ ಹೊಡೆಯುವುದು ಕೀವು. ಗಾಯದ ತಳಕ್ಕೆ ಅಂಟಿಕೊಂಡು ತೊಳೆದರೂ ಬಾರದ ಹಳದಿ ಪೊರೆ ಮೂರನೆಯದೊಂದು ವಸ್ತು. ಅದು ಸತ್ತ ಅಂಗಾಂಶ. ತೆಳುವಾಗಿದ್ದರೆ ಒದ್ದೆಯಾದ ಗಾಜ್‌ಪಟ್ಟಿಯಡಿಯಲ್ಲಿ ತಾನೇ ಕರಗುತ್ತದೆ. ದಪ್ಪಗಿದ್ದರೆ ತೆಗೆಯಬೇಕಾದವರು ವೈದ್ಯರು, ಬ್ಲೇಡು ಹಿಡಿದ ಮನೆಯವರಲ್ಲ.

ತೊಳೆಯಲು ಕುಡಿಯುವ ನೀರು ಮತ್ತು ಸುತ್ತಲಿನ ಚರ್ಮಕ್ಕೆ ಸಾದಾ ಸೋಪು ಸಾಕು. ಹೈಡ್ರೋಜನ್ ಪೆರಾಕ್ಸೈಡ್ ನೊರೆಯೆಬ್ಬಿಸುವುದನ್ನು ಕಂಡು ಕೊಳೆ ಹೋಗುತ್ತಿದೆ ಎಂದು ಸಮಾಧಾನಪಡುವವರಿದ್ದಾರೆ. ಅದೂ ಸ್ಪಿರಿಟ್ಟೂ ಬ್ಯಾಕ್ಟೀರಿಯಾಗಳ ಜೊತೆಗೆ ಆಗಷ್ಟೇ ಹುಟ್ಟುತ್ತಿರುವ ಹೊಸ ಜೀವಕೋಶಗಳನ್ನೂ ಕೊಲ್ಲುತ್ತವೆ.

ಅಂಚು ಬೆಳ್ಳಗೆ ನೆನೆದಿದೆ, ಅಥವಾ ಒಣಗಿ ಬಿರಿದಿದೆ

"ಗಾಯಕ್ಕೆ ಗಾಳಿಯಾಡಲಿ" ಎಂಬುದು ಎಲ್ಲರ ಬಾಯಲ್ಲೂ ಇರುವ ಸಲಹೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕ ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಪಾಲಿಥೀನ್ ಹಾಳೆ ಮುಚ್ಚಿ ತೇವವಾಗಿಟ್ಟ ಮೇಲುಗಾಯಗಳ ಮೇಲೆ ಹೊಸ ಚರ್ಮ, ಗಾಳಿಗೆ ಬಿಟ್ಟು ಹಕ್ಕಳೆ ಕಟ್ಟಿದ ಗಾಯಗಳಿಗಿಂತ ಸುಮಾರು ಎರಡು ಪಟ್ಟು ಬೇಗ ಹರಡಿತು. ಒಣಗಿದ ಹಕ್ಕಳೆಯಡಿಯಲ್ಲಿ ಹೊಸ ಜೀವಕೋಶಗಳು ತೇವ ಇರುವ ಪದರವನ್ನು ಹುಡುಕುತ್ತ ಆಳದಲ್ಲಿ ಸುತ್ತುಬಳಸಿ ಸಾಗಬೇಕಾಗುತ್ತದೆ. ಶುಚಿಯಾದ ಸಣ್ಣ ಗಾಯಕ್ಕೆ ಪೆಟ್ರೋಲಿಯಂ ಜೆಲ್ಲಿಯ ತೆಳು ಲೇಪವೂ ಅದರ ಮೇಲೊಂದು ಪಟ್ಟಿಯೂ ಇದ್ದರೆ ಈ ತೇವ ಉಳಿಯುತ್ತದೆ.

ಆದರೆ ತೇವ ಬೇರೆ, ನೆನೆಸುವುದು ಬೇರೆ. ಪಾತ್ರೆ ತೊಳೆದ ಕೈಯಲ್ಲಿ ಒದ್ದೆ ಪಟ್ಟಿಯನ್ನು ಹಾಗೆಯೇ ಬಿಟ್ಟರೆ ಅಂಚಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ, ಮುಟ್ಟಿದರೆ ಕಳಚಿ ಬರುವಂತಾಗುತ್ತದೆ. ಇದಕ್ಕೆ ಔಷಧ ಬೇಡ. ಪಟ್ಟಿಯನ್ನು ಹೆಚ್ಚು ಸಲ ಬದಲಿಸಿದರೆ ಒಂದೆರಡು ದಿನಗಳಲ್ಲಿ ಸರಿಹೋಗುತ್ತದೆ.

ವಿಪರೀತ ತುರಿಕೆ

ಮಾಯುತ್ತಿರುವ ಗಾಯ ತುರಿಸುವುದು ನಿಜ. ಆದರೆ ತುರಿಕೆಯ ಆಕಾರವನ್ನೊಮ್ಮೆ ಗಮನಿಸಿ. ಗಾಯ ಉದ್ದುದ್ದವಾಗಿದ್ದು, ಕೆರಳಿದ ಚರ್ಮ ಮಾತ್ರ ಅಂಟುಪಟ್ಟಿಯಷ್ಟೇ ಚೌಕವಾಗಿ, ಮೂಲೆಗಳು ಎದ್ದು ಕಾಣುವಂತೆ ಇದ್ದರೆ ತಪ್ಪು ಅಂಟಿನದು. ಮುಲಾಮು ಹರಡಿದಷ್ಟು ಜಾಗದಲ್ಲಿ ಸಣ್ಣ ನೀರುಗುಳ್ಳೆಗಳೆದ್ದರೆ ಮುಲಾಮಿನದು; ನಿಯೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಇರುವ ಪುಡಿ ಮತ್ತು ಮುಲಾಮುಗಳು ಹೀಗೆ ಅಲರ್ಜಿ ತರುವುದಕ್ಕೆ ಹೆಸರಾಗಿವೆ. ಇದನ್ನು ಸೋಂಕೆಂದು ಭ್ರಮಿಸಿ ಅದೇ ಮುಲಾಮನ್ನು ಇನ್ನಷ್ಟು ಬಳಿಯುವುದು ನಿತ್ಯ ಕಾಣುವ ತಪ್ಪು. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಅಡಗಿಸುತ್ತದೆ, ಜೊತೆಗೆ ಗಾಯ ಮಾಯುವುದನ್ನೂ.

ಹೊಲಿಗೆ ಬಿಟ್ಟಿದೆ

ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ ಐದು ದಿನಕ್ಕೆ, ಕೈಕಾಲಿನದನ್ನು ಹತ್ತರಿಂದ ಹದಿನಾಲ್ಕು ದಿನಕ್ಕೆ ಬಿಚ್ಚುತ್ತಾರೆ. ಮುಖಕ್ಕೆ ರಕ್ತದ ಹರಿವು ಹೆಚ್ಚು, ಅಲ್ಲಿ ಬೇಗ ಕೂಡಿಕೊಳ್ಳುತ್ತದೆ. ಒಂದೆರಡು ಹೊಲಿಗೆ ಬಿಟ್ಟು ಅಂಚು ತುಸು ತೆರೆದಿದ್ದರೆ ತೊಳೆದು ಮುಚ್ಚಿ ಮರುದಿನ ತೋರಿಸಬಹುದು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ವಾರದ ಆಸುಪಾಸಿನಲ್ಲಿ ಹೊಲಿಗೆಯ ಗೆರೆಯಿಂದ ತಿಳಿಗುಲಾಬಿ ಬಣ್ಣದ ನೀರು ಇದ್ದಕ್ಕಿದ್ದಂತೆ ಪಟ್ಟಿಯನ್ನೆಲ್ಲ ತೋಯಿಸಿದರೆ ಮಾತ್ರ ಒಳಪದರಗಳ ಹೊಲಿಗೆ ಬಿಟ್ಟಿರುವ ಶಂಕೆ ಬಲವಾಗುತ್ತದೆ. ರೋಗಿಯನ್ನು ಮಲಗಿಸಿ, ಶುಚಿಯಾದ ಒದ್ದೆ ಬಟ್ಟೆ ಮುಚ್ಚಿ, ತಿನ್ನಲು ಕುಡಿಯಲು ಏನೂ ಕೊಡದೆ ಆಸ್ಪತ್ರೆಗೆ ಸಾಗಿಸಬೇಕು. ಹೊರಬಂದದ್ದೇನಾದರೂ ಕಂಡರೆ ಅದನ್ನು ಒಳಕ್ಕೆ ತಳ್ಳಬಾರದು.

ಮಾಯುತ್ತದೆ, ಮತ್ತೆ ಅದೇ ಜಾಗದಲ್ಲಿ ಒಡೆಯುತ್ತದೆ

ಮೇಲೆ ಮುಚ್ಚಿ, ಕೆಲ ದಿನಕ್ಕೆ ಸಣ್ಣ ತೂತಾಗಿ ಕೀವು ಸುರಿದು, ಮತ್ತೆ ಮುಚ್ಚುವ ಗಾಯದೊಳಗೆ ಬಹುತೇಕ ಏನೋ ಉಳಿದಿರುತ್ತದೆ: ಜಾಲಿಮುಳ್ಳಿನ ತುದಿ, ಗಾಜಿನ ಚೂರು, ಕರಗದ ಹೊಲಿಗೆಯ ದಾರ. ಗಾಜು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುತ್ತದೆ. ಮುಳ್ಳು ಮತ್ತು ಮರದ ಸಿಬಿರು ಹೆಚ್ಚಾಗಿ ಕಾಣುವುದಿಲ್ಲ, ಅವಕ್ಕೆ ಅಲ್ಟ್ರಾಸೌಂಡ್ ಬೇಕು. "ಎಕ್ಸ್‌ರೇ ಸರಿಯಿದೆ" ಎಂದ ಮಾತ್ರಕ್ಕೆ ಒಳಗೆ ಮುಳ್ಳಿಲ್ಲ ಎಂದಾಗದು. ಕಾಲ್ಬೆರಳಿನ ಇಂತಹ ತೂತು ಎಲುಬಿನ ಸೋಂಕಿನಿಂದಲೂ ಕ್ಷಯದಿಂದಲೂ ಆಗಬಹುದಾದ್ದರಿಂದ, ಆ್ಯಂಟಿಬಯಾಟಿಕ್ ಮಾತ್ರೆಗಳ ಸುತ್ತನ್ನು ಪದೇ ಪದೇ ನುಂಗುವುದಕ್ಕಿಂತ ಕಾರಣ ಹುಡುಕಿಸುವುದು ಅಗ್ಗ.

ವಾರಗಳು ಕಳೆದರೂ ಗಾಯ ಕಿರಿದಾಗುತ್ತಿಲ್ಲ

ಮೊದಲು ಅಳೆಯಿರಿ. ವಾರಕ್ಕೊಮ್ಮೆ ಗಾಯದ ಪಕ್ಕ ಸ್ಕೇಲ್ ಹಿಡಿದು ಫೋಟೊ ತೆಗೆದಿಡಿ. ಇಂದು ನಾಲ್ಕು ಸೆಂಟಿಮೀಟರ್ ಉದ್ದ, ಮೂರು ಅಗಲ ಇದ್ದ ಹುಣ್ಣು ನಾಲ್ಕು ವಾರಕ್ಕೆ ಮೂರು ಉದ್ದ, ಎರಡು ಅಗಲಕ್ಕೆ ಇಳಿದರೆ ಅದರ ವಿಸ್ತಾರ ಅರ್ಧವಾದಂತೆ. ಪಾದದ ಹುಣ್ಣು ಸರಿಯಾದ ಆರೈಕೆಯಲ್ಲೂ ನಾಲ್ಕು ವಾರದಲ್ಲಿ ಅರ್ಧಕ್ಕೆ ಇಳಿಯದಿದ್ದರೆ ಚಿಕಿತ್ಸೆಯ ದಾರಿಯನ್ನೇ ಮರುಪರಿಶೀಲಿಸಬೇಕು ಎಂಬುದು ವೈದ್ಯರು ಬಳಸುವ ಲೆಕ್ಕ. ನಿಂತುಹೋದ ಗಾಯಕ್ಕೆ ಮುಲಾಮು ಬದಲಿಸುತ್ತ ಕೂರುವುದು, ಸೋರುವ ಮಾಳಿಗೆಯನ್ನು ಬಿಟ್ಟು ಒಳಗೋಡೆಗೆ ಸುಣ್ಣ ಬಳಿದ ಹಾಗೆ.

ಖರ್ಚಿಲ್ಲದ ತಪಾಸಣೆ ಊಟದ್ದು. ಗಾಯವಾದವರಿಗೆ ಮೊಟ್ಟೆ, ಮೀನು, ಬದನೆ, ಕುಂಬಳ ಕೊಟ್ಟರೆ ನಂಜಾಗುತ್ತದೆ ಎಂದು ಬರೀ ಗಂಜಿ, ತಿಳಿಸಾರಿನಲ್ಲಿ ವಾರಗಟ್ಟಲೆ ಇಡುವ ಮನೆಗಳು ಇಂದಿಗೂ ಇವೆ. ಹಿರಿಯರ ಮಾತನ್ನು ಹಗುರ ಮಾಡುವ ಉದ್ದೇಶವಿಲ್ಲ, ಆದರೆ ಹೊಸ ಮಾಂಸ ಕಟ್ಟುವುದು ಪ್ರೋಟೀನ್‌ನಿಂದ. ಬೇಳೆ, ಕಾಳು, ಹಾಲು, ಮೊಟ್ಟೆಗಳನ್ನು ನಿಲ್ಲಿಸುವ ಹೊತ್ತು ಇದಲ್ಲ. ಕೊಲಾಜನ್ ನಾರು ಗಟ್ಟಿಯಾಗಲು ಸಿ ಜೀವಸತ್ವ ಬೇಕೇ ಬೇಕು. 1740ರ ದಶಕದಲ್ಲಿ ಬ್ರಿಟನ್ನಿನ ನೌಕಾಧಿಕಾರಿ ಆ್ಯನ್ಸನ್‌ನ ಯಾನದಲ್ಲಿ, ಸಿ ಜೀವಸತ್ವದ ಕೊರತೆಯ ರೋಗವಾದ ಸ್ಕರ್ವಿ ಹಿಡಿದ ನಾವಿಕನೊಬ್ಬನಿಗೆ, 1690ರಲ್ಲಿ ಐರ್ಲೆಂಡಿನ ಬಾಯ್ನ್ ಕಾಳಗದಲ್ಲಿ ಆಗಿ ಮಾಯ್ದಿದ್ದ ಐವತ್ತು ವರ್ಷ ಹಳೆಯ ಗಾಯಗಳು ಮತ್ತೆ ಬಾಯಿಬಿಟ್ಟವು ಎಂದು ಆ ಯಾನದ ದಾಖಲೆ ಹೇಳುತ್ತದೆ. ಹಳೆಯ ಕಲೆಯಲ್ಲೂ ಕೊಲಾಜನ್ ನಿರಂತರವಾಗಿ ಕಳಚಿ ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಸಿ ಜೀವಸತ್ವ ಇಲ್ಲದಾದಾಗ ಕಳಚುವುದು ನಡೆಯುತ್ತದೆ, ಕಟ್ಟುವುದು ನಿಲ್ಲುತ್ತದೆ. ಸೀಬೆ, ನೆಲ್ಲಿ, ನಿಂಬೆ ನಮ್ಮ ಸಂತೆಗಳಲ್ಲೇ ಸಿಗುವಾಗ ದುಬಾರಿ ಟಾನಿಕ್ ಬೇಕಿಲ್ಲ.

ಎರಡನೆಯದು ಬೀಡಿ, ಸಿಗರೇಟು. ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಬಿಗಿಯುತ್ತದೆ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿಯುತ್ತದೆ. ಮೂರನೆಯದು ರಕ್ತದ ಸಕ್ಕರೆ. ಸಕ್ಕರೆ ಏರಿದಾಗ ಬಿಳಿ ರಕ್ತಕಣಗಳ ಕಸುವು ಕುಂದುತ್ತದೆ. ತನಗೆ ಸಕ್ಕರೆ ಕಾಯಿಲೆಯಿದೆ ಎಂಬುದು ಮಾಯದ ಗಾಯವೊಂದರಿಂದಲೇ ಮೊದಲು ತಿಳಿದವರು ಅಪರೂಪವಲ್ಲ. ಕಾರಣ ತಿಳಿಯದೆ ತಡವಾಗುತ್ತಿರುವ ಯಾವ ಗಾಯಕ್ಕೂ ಈ ಪರೀಕ್ಷೆ ಮಾಡಿಸದೆ ಮುಂದೆ ಹೋಗಬಾರದು.

ಆಮೇಲೆ ರಕ್ತದ ಹರಿವನ್ನು ನೋಡಬೇಕು. ಕಾಲಿನ ಹುಣ್ಣು ಎಲ್ಲಿದೆ ಎಂಬುದೇ ಬಹಳಷ್ಟನ್ನು ಹೇಳುತ್ತದೆ. ಕಣಕಾಲಿನ ಒಳಬದಿಯ ಮೇಲ್ಗಡೆ, ಸುತ್ತಲಿನ ಚರ್ಮ ಕಂದುಗಟ್ಟಿ, ಸಂಜೆಗೆ ಕಾಲು ಊದಿಕೊಳ್ಳುವವರಲ್ಲಿ ಇದ್ದರೆ ಅದು ಉಬ್ಬಿದ ಅಭಿಧಮನಿಗಳ ಹುಣ್ಣಾಗಿರುವ ಸಂಭವ ಹೆಚ್ಚು. ಕಾಲು ಎತ್ತಿ ಇಡುವುದೂ ಅದುಮುವ ಪಟ್ಟಿಯೂ ಅದಕ್ಕೆ ಮುಖ್ಯ ಚಿಕಿತ್ಸೆ. ಬೆರಳ ತುದಿಯಲ್ಲಿ ಅಥವಾ ಹಿಮ್ಮಡಿಯಲ್ಲಿ, ಪಾದ ತಣ್ಣಗಿದ್ದು, ಕೂದಲು ಉದುರಿ ಚರ್ಮ ನುಣುಪಾಗಿ, ರಾತ್ರಿ ನೋವಿನಿಂದ ಎದ್ದು ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಾಯೆನಿಸುವವರಲ್ಲಿ ಇದ್ದರೆ ಕಾಲಿಗೆ ರಕ್ತ ತರುವ ಅಪಧಮನಿ ಕಟ್ಟಿಕೊಂಡಿದೆ. ಈ ಎರಡನೆಯವರಿಗೆ ಅದುಮುವ ಪಟ್ಟಿ ಸುತ್ತಿದರೆ ಇರುವ ಅಲ್ಪ ರಕ್ತವೂ ನಿಂತು ಬೆರಳು ಕಪ್ಪಾಗಬಹುದು. ಆದ್ದರಿಂದ ಕಾಲಿನ ನಾಡಿ ಪರೀಕ್ಷೆಯೋ ಶಬ್ದತರಂಗಗಳಿಂದ ರಕ್ತದ ಹರಿವನ್ನು ನೋಡುವ ಡಾಪ್ಲರ್ ತಪಾಸಣೆಯೋ ಆಗುವ ಮೊದಲು ಯಾರ ಮಾತು ಕೇಳಿಯೂ ಬಿಗಿಪಟ್ಟಿ ಕಟ್ಟಿಕೊಳ್ಳಬೇಡಿ.

ಹುಣ್ಣಿದೆ, ನೋವೇ ಇಲ್ಲ

ಎಲ್ಲ ಲಕ್ಷಣಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಇದು. ಪಾದದಡಿ ಆಣಿಯಂತೆ ಗಟ್ಟಿಯಾದ ಚರ್ಮ, ಅದರ ನಡುವೆ ಗುಂಡನೆಯ ಹುಣ್ಣು, ಚಪ್ಪಲಿಯಲ್ಲಿ ರಕ್ತದ ಕಲೆ ನೋಡುವವರೆಗೂ ಗೊತ್ತೇ ಆಗದಿರುವುದು: ಇದು ನರಗಳು ಸೋತಿರುವ ಗುರುತು. ನಮ್ಮಲ್ಲಿ ಇದಕ್ಕೆ ಮುಖ್ಯ ಕಾರಣ ಸಕ್ಕರೆ ಕಾಯಿಲೆ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆಯೂ ಇದ್ದರೆ ಕುಷ್ಠವನ್ನು ಪರೀಕ್ಷಿಸಬೇಕು, ಅದರ ಔಷಧ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

1946ರಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ದುಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಪಾದ ಕೊಳೆಯುವುದು ರೋಗ ಮಾಂಸವನ್ನು ತಿನ್ನುವುದರಿಂದ ಎಂಬ ನಂಬಿಕೆಯನ್ನು ಒಪ್ಪಲಿಲ್ಲ. ನೋವು ತಿಳಿಯದ ಕಾರಣ ಅವರು ಹುಣ್ಣಿನ ಮೇಲೆಯೇ ನಡೆಯುತ್ತಿದ್ದರು. ಪ್ಲಾಸ್ಟರ್ ಹಾಕಿ ಭಾರ ತಪ್ಪಿಸಿದಾಗ ಅದೇ ಪಾದಗಳು ಮಾಯ್ದವು. ಸಕ್ಕರೆ ಕಾಯಿಲೆಯವರ ಪಾದಕ್ಕೂ ಇದೇ ಅನ್ವಯ: ಭಾರ ತಪ್ಪದೆ ಯಾವ ಔಷಧವೂ ಫಲಿಸದು. ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ ಹುಣ್ಣು ಬಾರದಂತೆ ತಡೆಯಲು ಒಳ್ಳೆಯದು, ಆದರೆ ಈಗಾಗಲೇ ಆದ ಹುಣ್ಣಿಗೆ ಅದೊಂದೇ ಸಾಲದು. ಬಿಸಿನೀರಿನಲ್ಲಿ ಪಾದ ಮುಳುಗಿಸುವುದು, ಬ್ಲೇಡಿನಿಂದ ಆಣಿ ಕೆತ್ತುವುದು, ಹರಕೆಗೆಂದು ಬರಿಗಾಲಲ್ಲಿ ನಡೆಯುವುದು ಇವರಿಗೆ ಸಲ್ಲದು. ಹುಣ್ಣು ಕಂಡ ಒಂದೆರಡು ದಿನದೊಳಗೆ ವೈದ್ಯರಿಗೆ ತೋರಿಸಬೇಕು. ವಾಸನೆ, ಜ್ವರ ಅಥವಾ ಬೆರಳು ಕಪ್ಪಾಗುವುದು ಸೇರಿಕೊಂಡರೆ ಅಂದೇ.

ಮಾಯಿತು, ಆದರೆ ಕಲೆ ಸರಿಯಿಲ್ಲ

ಕಲೆ ಮೊದಲ ಕೆಲವು ತಿಂಗಳು ಉಬ್ಬಿ ಗಾಢವಾಗಿರುವುದು ಸಾಮಾನ್ಯ. ಬಿಸಿಲು ತಾಗದಂತೆ ಬಟ್ಟೆ ಮುಚ್ಚಿಕೊಂಡರೆ ಕಪ್ಪಾಗುವುದು ಕಡಿಮೆಯಾಗುತ್ತದೆ. ಉಬ್ಬು ಗಾಯದ ಗಡಿಯೊಳಗೇ ಇದ್ದರೆ ಕಾಲಕ್ರಮದಲ್ಲಿ ಇಳಿಯಬಹುದು. ಗಡಿ ಮೀರಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬಿದರೆ ಅದು ಕೀಲಾಯ್ಡ್. ಕಿವಿ ಚುಚ್ಚಿಸಿದ ಜಾಗ, ಎದೆಯ ನಡುಭಾಗ, ಭುಜಗಳಲ್ಲಿ ಇದು ಹೆಚ್ಚು. ಬರೀ ಕತ್ತರಿಸಿ ತೆಗೆಸಿದರೆ ಹಲವರಲ್ಲಿ ಮೊದಲಿಗಿಂತ ದೊಡ್ಡದಾಗಿ ಮರಳುತ್ತದೆ. ಸ್ಟೀರಾಯ್ಡ್ ಚುಚ್ಚುಮದ್ದು, ಸಿಲಿಕೋನ್ ಹಾಳೆಗಳನ್ನು ಚರ್ಮತಜ್ಞರು ಮೊದಲು ಪ್ರಯತ್ನಿಸುತ್ತಾರೆ.

ಹತ್ತಿಪ್ಪತ್ತು ವರ್ಷಗಳ ಹಿಂದಿನ ಸುಟ್ಟಗಾಯದ ಕಲೆಯಲ್ಲಿ ಹೊಸದಾಗಿ ಹುಣ್ಣು ಎದ್ದು, ಅಂಚು ದಪ್ಪಗಾಗಿ ಹೊರಮಗುಚಿ, ಮುಟ್ಟಿದರೆ ರಕ್ತ ಒಸರುತ್ತಿದ್ದರೆ ಅದನ್ನು ಸಾಮಾನ್ಯ ಹುಣ್ಣೆಂದು ಭಾವಿಸಬಾರದು. ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ 1828ರಲ್ಲಿ ಕಲೆಗಳಲ್ಲಿ ಏಳುವ ಇಂತಹ ಹುಣ್ಣುಗಳನ್ನು ವಿವರಿಸಿದ್ದರಿಂದ ಅವು ಅವರ ಹೆಸರಿನಲ್ಲೇ ಉಳಿದಿವೆ. ಇವುಗಳಲ್ಲಿ ಚರ್ಮದ ಕ್ಯಾನ್ಸರ್ ಅಡಗಿರುತ್ತದೆ. ಅಂಚಿನಿಂದ ಚೂರು ತೆಗೆದು ಬಯಾಪ್ಸಿ ಮಾಡಿಸುವುದೊಂದೇ ಇದನ್ನು ಖಚಿತಪಡಿಸುವ ದಾರಿ. ಸರಿಯಾದ ಆರೈಕೆಯಿದ್ದೂ ತಿಂಗಳುಗಟ್ಟಲೆ ಹಾಗೆಯೇ ಉಳಿದ ಬೇರೆ ಯಾವುದೇ ಹುಣ್ಣಿಗೂ ಈ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಬಹುದು.